ಆಸ್ಪತ್ರೆಯ ಮಂಚದ ಪಕ್ಕದಲ್ಲಿ ಯೋಗ

ತುಮಕೂರು ರಸ್ತೆಯಿಂದ ಬೆಂಗಳೂರಿಗೆ ಬರುವವರಿಗೆ ಗೊರಗುಂಟೆಪಾಳ್ಯವೆಂದರೆ ಊರಿನ ಹೆಬ್ಬಾಗಿಲು. ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ, ಹಾಸನದ ಕಡೆಯ ಬಸ್ಸುಗಳು ಇಲ್ಲಿ ವೇಗ ತಗ್ಗಿಸುತ್ತವೆ. ಕಂಡಕ್ಟರ್ ಕೂಗುವ ಮುನ್ನವೇ ಅರ್ಧ ಬಸ್ಸು ಎದ್ದು ನಿಂತಿರುತ್ತದೆ. ಹೊರವರ್ತುಲ ರಸ್ತೆ ಹೆದ್ದಾರಿಯನ್ನು ಸೇರುವ ಜಾಗ ಇದು. ಮೆಜೆಸ್ಟಿಕ್‌ವರೆಗೆ ಹೋಗದೆ ಇಲ್ಲಿಯೇ ಇಳಿದು ಬೇರೆ ಬಸ್ಸು ಹಿಡಿಯುವುದು ಹಳಬರ ಜಾಣತನ. 2014ರಲ್ಲಿ ಮೆಟ್ರೊ ರೈಲು ಬಂದ ಮೇಲೆ ಇಳಿಯುವವರ ಸಂಖ್ಯೆ ಇನ್ನಷ್ಟು ಹೆಚ್ಚಿತು.

ಇಳಿಯುವವರಲ್ಲಿ ಪೀಣ್ಯದ ಕಾರ್ಖಾನೆಗಳಿಗೆ ಹೋಗುವವರಿರುತ್ತಾರೆ, ಮದುವೆಗೆ ಬಂದವರಿರುತ್ತಾರೆ, ಕಾಲೇಜಿನ ಹುಡುಗರಿರುತ್ತಾರೆ. ಅವರ ನಡುವೆ ಸ್ಕ್ಯಾನಿಂಗ್ ಚಿತ್ರಗಳ ದೊಡ್ಡ ಲಕೋಟೆಯನ್ನು ಎದೆಗವಚಿಕೊಂಡ ಮಗ, ಸೆರಗನ್ನು ತಲೆಯ ಮೇಲೆ ಬಿಗಿಯಾಗಿ ಎಳೆದುಕೊಂಡ ತಾಯಿಯೂ ಇರುತ್ತಾರೆ. ಅವರ ದಾರಿ ಹೊಸೂರು ರಸ್ತೆಯ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಗೋ, ಊರಿನ ಬೇರೊಂದು ಕ್ಯಾನ್ಸರ್ ಆಸ್ಪತ್ರೆಗೋ ಎಂದು ಊಹಿಸುವುದು ಕಷ್ಟವಲ್ಲ. 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆಗೆ ಅರ್ಧ ಶತಮಾನದಿಂದ ರಾಜ್ಯದ ಮೂಲೆ ಮೂಲೆಯಿಂದ ರೋಗಿಗಳು ಬರುತ್ತಿದ್ದಾರೆ.

ಕೀಮೋಥೆರಪಿ ತೆಗೆದುಕೊಳ್ಳುವ ಕೆಲವರಿಗೆ ವಿಚಿತ್ರವಾದ ಅನುಭವವೊಂದು ಆಗುತ್ತದೆ. ಔಷಧಿ ಇನ್ನೂ ಮೈ ಸೇರಿರುವುದಿಲ್ಲ, ಸೂಜಿ ಚುಚ್ಚಿರುವುದಿಲ್ಲ. ಆಸ್ಪತ್ರೆಯ ಗೇಟು ಕಂಡರೆ ಸಾಕು, ಹೊಟ್ಟೆ ತೊಳಸುತ್ತದೆ. ಫಿನಾಯಿಲ್ ವಾಸನೆ, ದಾದಿಯ ಬಿಳಿ ಉಡುಪು, ಕೆಲವೊಮ್ಮೆ ಆಸ್ಪತ್ರೆಗೆ ಹೋಗುವ ಬಸ್ಸಿನ ಸೀಟು ಕೂಡ ಸಾಕಾಗುತ್ತದೆ. ಹಿಂದಿನ ಸರದಿಗಳಲ್ಲಿ ಆದ ವಾಂತಿಯನ್ನು ಮೈ ನೆನಪಿಟ್ಟುಕೊಂಡು, ಮುಂದಿನ ಸರದಿಗೆ ಮುಂಚಿತವಾಗಿಯೇ ಸಿದ್ಧವಾಗುತ್ತದೆ. ಗಂಟೆಯ ಸದ್ದಿಗೆ ಜೊಲ್ಲು ಸುರಿಸುತ್ತಿದ್ದ ಪಾವ್ಲೋವನ ನಾಯಿಯ ಕಥೆ ಶಾಲೆಯಲ್ಲಿ ಎಲ್ಲರೂ ಓದಿದ್ದೇ. ಇಲ್ಲಿ ಆಗುವುದೂ ಅದೇ. ವೈದ್ಯರು ಇದಕ್ಕೆ ನಿರೀಕ್ಷಣಾ ವಾಕರಿಕೆ ಎನ್ನುತ್ತಾರೆ. ವಾಂತಿ ತಡೆಯಲು ಈಗ ಒಳ್ಳೆಯ ಔಷಧಿಗಳಿವೆ. ಆದರೆ ಕಲಿತುಬಿಟ್ಟ ಈ ವಾಕರಿಕೆಯ ಮೇಲೆ ಅವುಗಳ ಆಟ ಅಷ್ಟಾಗಿ ನಡೆಯುವುದಿಲ್ಲ. ಕೆಲವರು ಚಿಕಿತ್ಸೆಯನ್ನು ಅರ್ಧಕ್ಕೆ ಬಿಡಲು ಇದೂ ಒಂದು ಕಾರಣ.

ಈ ವಾಕರಿಕೆಯನ್ನು ಯೋಗದಿಂದ ಕಡಿಮೆ ಮಾಡಬಹುದೇ ಎಂಬ ಪ್ರಶ್ನೆಯನ್ನು ಅಂಕಿಅಂಶಗಳ ಮೂಲಕ ಕೇಳಿದವರು ಬೆಂಗಳೂರಿನವರು. 2007ರಲ್ಲಿ ಯುರೋಪಿನ ಕ್ಯಾನ್ಸರ್ ಆರೈಕೆಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಸ್ತನ ಕ್ಯಾನ್ಸರ್‌ಗೆ ಕೀಮೋಥೆರಪಿ ಪಡೆಯುತ್ತಿದ್ದ 62 ಮಹಿಳೆಯರಿದ್ದರು. ಚೀಟಿ ಎತ್ತಿದ ರೀತಿಯಲ್ಲಿ ಅವರನ್ನು ಎರಡು ಗುಂಪು ಮಾಡಲಾಯಿತು. ಇಬ್ಬರಿಗೂ ಅದೇ ಕೀಮೋ, ಅದೇ ವಾಂತಿ ನಿರೋಧಕ ಔಷಧಿ. ಒಂದು ಗುಂಪಿಗೆ ಆಪ್ತ ಸಲಹೆ, ಮತ್ತೊಂದಕ್ಕೆ ಯೋಗ. ಔಷಧಿಯ ಬಾಟಲಿ ಏರಿಸುವ ಮುನ್ನ ಮಂಚದ ಪಕ್ಕದಲ್ಲಿಯೇ ಅರ್ಧ ಗಂಟೆ ಉಸಿರಾಟದ ಅಭ್ಯಾಸ ಮತ್ತು ವಿಶ್ರಾಂತಿ, ಮನೆಯಲ್ಲಿ ಧ್ವನಿಸುರುಳಿ ಕೇಳುತ್ತ ಪ್ರತಿದಿನ ಅದೇ ಅಭ್ಯಾಸ. ನಾಲ್ಕನೆಯ ಸರದಿಯ ಹೊತ್ತಿಗೆ ಯೋಗದ ಗುಂಪಿನಲ್ಲಿ ವಾಕರಿಕೆಯ ಸಂಖ್ಯೆಯೂ ತೀವ್ರತೆಯೂ ಕಡಿಮೆಯಾಗಿದ್ದವು. ಔಷಧಿಗೆ ಮುಂಚೆಯೇ ಬರುವ ವಾಕರಿಕೆಯ ಕಾಟವೂ ತಗ್ಗಿತ್ತು.

ಗಮನಿಸಬೇಕಾದ್ದು ಇಷ್ಟೇ. ಈ ಅಧ್ಯಯನದಲ್ಲಿ ಗಡ್ಡೆ ಕರಗಿತೇ ಎಂದು ಯಾರೂ ಅಳೆಯಲಿಲ್ಲ. ವಾಂತಿ ಎಷ್ಟು ಬಾರಿ ಬಂತು ಎಂದು ಮಾತ್ರ ಅಳೆದರು. ಕ್ಯಾನ್ಸರ್ ಮತ್ತು ಯೋಗದ ಸಂಬಂಧದ ಚರಿತ್ರೆಯಲ್ಲಿ ಇದು ಸಣ್ಣ ಬದಲಾವಣೆಯಲ್ಲ.

ಹಳೆಯ ಭರವಸೆ

ಆಸನದಿಂದ ರೋಗ ಹೋಗುತ್ತದೆ ಎಂಬ ಮಾತು ಹೊಸದೇನಲ್ಲ. 15ನೆಯ ಶತಮಾನದ ಹಠಯೋಗಪ್ರದೀಪಿಕೆಯಲ್ಲಿ ಮಯೂರಾಸನವು ಗುಲ್ಮ, ಉದರ ಮೊದಲಾದ ರೋಗಗಳನ್ನು ಕಳೆಯುತ್ತದೆ ಎಂಬ ಭರವಸೆ ಇದೆ. ಇದಕ್ಕೂ ಬಹಳ ಹಿಂದಿನ ಸುಶ್ರುತ ಸಂಹಿತೆಯು ಅರ್ಬುದ ಎಂಬ ಹೆಸರಿನಲ್ಲಿ ನಿಧಾನವಾಗಿ ಬೆಳೆಯುವ, ಕೀವಾಗದ ಗಂಟುಗಳನ್ನು ವಿವರಿಸುತ್ತದೆ. ಆಧುನಿಕ ಕಾಲದಲ್ಲಿ ಕನ್ನಡದ ಪಂಡಿತರು ಕ್ಯಾನ್ಸರ್‌ಗೆ ಅರ್ಬುದವೆಂದರು, ಏಡಿಗಂತಿ ಎಂದೂ ಕರೆದರು. ಜನ ಮಾತ್ರ ‘ಆ ಕಾಯಿಲೆ’ ಎಂದು ದನಿ ತಗ್ಗಿಸಿದರು. ಹಳ್ಳಿಯಲ್ಲೇನು, ಪಟ್ಟಣದಲ್ಲೂ ಹೆಸರು ಹೇಳದಿರುವುದೇ ವಾಡಿಕೆ.

ಪತಂಜಲಿಯ ಯೋಗಸೂತ್ರಗಳ ದೃಷ್ಟಿ ಮಾತ್ರ ಬೇರೆ. ಯೋಗಕ್ಕೆ ಬರುವ ಅಡ್ಡಿಗಳ ಪಟ್ಟಿಯಲ್ಲಿ ಅದು ವ್ಯಾಧಿಯನ್ನು ಮೊದಲು ಇಡುತ್ತದೆ. ಅಂದರೆ ಕಾಯಿಲೆ ಸಾಧಕನ ದಾರಿಯಲ್ಲಿರುವ ಕಲ್ಲು. ಕಲ್ಲನ್ನು ತೆಗೆಯುವುದೇ ಪ್ರಯಾಣದ ಗುರಿಯಲ್ಲ. ಯೋಗವನ್ನು ಔಷಧಾಲಯದ ಬಾಗಿಲಿಗೆ ತಂದ ಶ್ರೇಯಸ್ಸು ಹೆಚ್ಚಾಗಿ 20ನೆಯ ಶತಮಾನದ್ದು.

ಅದರಲ್ಲಿ ಕನ್ನಡ ನಾಡಿನ ಪಾಲು ದೊಡ್ಡದು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1930ರ ದಶಕದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಟಿ. ಕೃಷ್ಣಮಾಚಾರ್ಯರು ಯೋಗಶಾಲೆ ನಡೆಸಿದರು. ಅವರ ‘ಯೋಗ ಮಕರಂದ’ ಮೊದಲು ಬರೆಯಲ್ಪಟ್ಟದ್ದು ಕನ್ನಡದಲ್ಲಿ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರ ಇನ್‌ಫ್ಲುಯೆಂಜಾ ಪಿಡುಗಿನ ನಡುವೆ ಹುಟ್ಟಿದ, ಬಾಲ್ಯದಲ್ಲಿ ಕ್ಷಯದಿಂದ ನರಳಿದ ಬಿ.ಕೆ.ಎಸ್. ಅಯ್ಯಂಗಾರ್ ಇದೇ ಶಾಲೆಗೆ ಸೇರಿ ಆರೋಗ್ಯ ಪಡೆದವರು. ಹಾಸನ ಜಿಲ್ಲೆಯ ಪಟ್ಟಾಭಿ ಜೋಯಿಸರ ಪದ್ಧತಿಯಲ್ಲಿ ಮೊದಲ ಆಸನಮಾಲೆಯ ಹೆಸರೇ ‘ಯೋಗ ಚಿಕಿತ್ಸಾ’. ಇವರೆಲ್ಲರ ನಂಬಿಕೆ ಅನುಭವದಿಂದ ಬಂದದ್ದು. ಅನುಭವ ಸುಳ್ಳಲ್ಲ, ಆದರೆ ಒಬ್ಬನ ಅನುಭವ ಮತ್ತೊಬ್ಬನಿಗೆ ಸಾಕ್ಷಿಯಾಗಲು ಅಳತೆ ಬೇಕು.

ಅಳತೆಗೆ ಕೈಹಾಕಿದ ಮೊದಲಿಗರಲ್ಲಿ ಸ್ವಾಮಿ ಕುವಲಯಾನಂದರು ಪ್ರಮುಖರು. 1924ರಲ್ಲಿ ಲೋಣಾವಳದಲ್ಲಿ ಕೈವಲ್ಯಧಾಮವನ್ನು ಸ್ಥಾಪಿಸಿ, ಪ್ರಾಣಾಯಾಮ ಮಾಡುವವರ ದೇಹವನ್ನು ಯಂತ್ರಗಳಿಂದ ಪರೀಕ್ಷಿಸಿ ‘ಯೋಗ ಮೀಮಾಂಸಾ’ ಪತ್ರಿಕೆಯಲ್ಲಿ ಪ್ರಕಟಿಸಿದರು. ಬೆಂಗಳೂರಿನಲ್ಲಿ ಈ ಕೆಲಸವನ್ನು ಮುಂದುವರಿಸಿದವರು ಒಬ್ಬ ಇಂಜಿನಿಯರ್ ಮತ್ತು ಒಬ್ಬ ವೈದ್ಯೆ ಎಂಬುದು ಸ್ವಾರಸ್ಯದ ಸಂಗತಿ.

ಇಂಜಿನಿಯರ್ ಎಚ್.ಆರ್. ನಾಗೇಂದ್ರ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್‌ನಲ್ಲಿ ಡಾಕ್ಟರೇಟ್ ಪಡೆದು, ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾದಲ್ಲಿ ದುಡಿದು, 1975ರಲ್ಲಿ ಅದನ್ನೆಲ್ಲ ಬಿಟ್ಟು ಕನ್ಯಾಕುಮಾರಿಯ ವಿವೇಕಾನಂದ ಕೇಂದ್ರಕ್ಕೆ ಬಂದವರು. ವೈದ್ಯೆ ಡಾ. ಆರ್. ನಾಗರತ್ನ. ಇಬ್ಬರೂ ಸೇರಿ ಉಬ್ಬಸದ 53 ರೋಗಿಗಳಿಗೆ ಯೋಗ ಕಲಿಸಿ, ಅವರಿಗೆ ಸಮನಾದ ಇನ್ನೂ 53 ರೋಗಿಗಳೊಂದಿಗೆ ಹೋಲಿಸಿದರು. ಅಭ್ಯಾಸ ಮಾಡಿದವರಲ್ಲಿ ಉಬ್ಬಸ ಬರುವುದೂ ಕಡಿಮೆಯಾಯಿತು, ಔಷಧಿಯ ಬಳಕೆಯೂ ತಗ್ಗಿತು. 1985ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಇದನ್ನು ಪ್ರಕಟಿಸಿತು. ಅಂದಿನ ದಿನಗಳಲ್ಲಿ ಆ ಪತ್ರಿಕೆಯ ಪುಟದಲ್ಲಿ ಯೋಗಕ್ಕೆ ಜಾಗ ಸಿಗುವುದೆಂದರೆ ಸಾಮಾನ್ಯ ಮಾತಾಗಿರಲಿಲ್ಲ. ಮುಂದೆ ಈ ಕೆಲಸ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನವಾಗಿ ಬೆಳೆಯಿತು. ಆನೇಕಲ್ ತಾಲ್ಲೂಕಿನ ಜಿಗಣಿಯ ಬಳಿ, ‘ಪ್ರಶಾಂತಿ ಕುಟೀರ’ ಎಂಬ ಆವರಣದಲ್ಲಿರುವ ಈ ಸಂಸ್ಥೆ 2002ರಲ್ಲಿ ವಿಶ್ವವಿದ್ಯಾನಿಲಯದ ಮಾನ್ಯತೆ ಪಡೆಯಿತು. ಗೊರಗುಂಟೆಪಾಳ್ಯ ಊರಿನ ಒಂದು ತುದಿಯಾದರೆ ಜಿಗಣಿ ಇನ್ನೊಂದು ತುದಿ.

98 ಮಹಿಳೆಯರು

ಉಬ್ಬಸದಲ್ಲಿ ಸಾಧ್ಯವಾದದ್ದು ಕ್ಯಾನ್ಸರ್‌ನಲ್ಲೂ ಸಾಧ್ಯವೇ? ಈ ಪ್ರಶ್ನೆಗೆ ಉತ್ತರಿಸಲು ಕ್ಯಾನ್ಸರ್ ವೈದ್ಯರ ಸಹಕಾರ ಬೇಕಿತ್ತು. ಶಸ್ತ್ರಚಿಕಿತ್ಸಕರಿಗೆ ಯೋಗದ ಹೆಸರು ಕೇಳಿದರೆ ಅನುಮಾನ ಬರುವುದು ಸಹಜವೇ. ಚಿಕಿತ್ಸೆ ಬಿಟ್ಟು ಹೋಗಿ, ಗಡ್ಡೆ ಒಡೆದು ಹುಣ್ಣಾದ ಮೇಲೆ ಮರಳಿ ಬರುವ ರೋಗಿಗಳನ್ನು ನೋಡುವವರು ಅವರೇ ತಾನೆ. ಆದರೂ ಬೆಂಗಳೂರು ಇನ್‌ಸ್ಟಿಟ್ಯೂಟ್ ಆಫ್ ಆಂಕಾಲಜಿಯ ಬಾಗಿಲು ತೆರೆಯಿತು. ಅಲ್ಲಿನ ಹೆಸರಾಂತ ಶಸ್ತ್ರಚಿಕಿತ್ಸಕ ಡಾ. ಕೆ.ಎಸ್. ಗೋಪಿನಾಥ್ ಸೇರಿದಂತೆ ಹಲವು ತಜ್ಞರು ಅಧ್ಯಯನದಲ್ಲಿ ಪಾಲುದಾರರಾದರು. ಪ್ರಬಂಧಗಳ ಮೊದಲ ಹೆಸರು ಡಾ. ಎಂ. ರಾಘವೇಂದ್ರ ರಾವ್ ಅವರದು. ಹಣ ಒದಗಿಸಿದ್ದು ಯೋಗ ಮತ್ತು ಪ್ರಕೃತಿ ಚಿಕಿತ್ಸೆಯ ಸಂಶೋಧನೆಗಾಗಿ ಇರುವ ಕೇಂದ್ರ ಮಂಡಳಿ.

ಸ್ತನ ಕ್ಯಾನ್ಸರನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. 1982ರಿಂದ ಕಿದ್ವಾಯಿ ಸಂಸ್ಥೆ ಬೆಂಗಳೂರಿನ ಕ್ಯಾನ್ಸರ್ ರೋಗಿಗಳ ನೋಂದಣಿ ನಡೆಸುತ್ತಿದೆ. ಆರಂಭದಲ್ಲಿ ಮಹಿಳೆಯರ ಪಟ್ಟಿಯಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಮೊದಲಿತ್ತು. ಮುಂದೆ ಸ್ತನ ಕ್ಯಾನ್ಸರ್ ಅದನ್ನು ಹಿಂದಿಕ್ಕಿತು. ಜೊತೆಗೆ ಸ್ತನ ಕ್ಯಾನ್ಸರ್‌ನ ಚಿಕಿತ್ಸೆ ದೀರ್ಘವಾದದ್ದು. ಮೊದಲು ಶಸ್ತ್ರಚಿಕಿತ್ಸೆ, ನಂತರ ಕೀಮೋ, ವಿಕಿರಣ. ತಿಂಗಳುಗಟ್ಟಲೆ ರೋಗಿಯ ಜೊತೆಗೆ ನಡೆದು ನೋಡಬಹುದು.

ಎರಡನೆಯ ಮತ್ತು ಮೂರನೆಯ ಹಂತದ ಕ್ಯಾನ್ಸರ್ ಇದ್ದ 98 ಮಹಿಳೆಯರನ್ನು ಆರಿಸಲಾಯಿತು. ಇಲ್ಲಿಯೂ ಒಂದು ಗುಂಪಿಗೆ ಯೋಗ, ಮತ್ತೊಂದಕ್ಕೆ ಆಪ್ತ ಸಲಹೆ ಮತ್ತು ತೋಳಿನ ವ್ಯಾಯಾಮ. ಶಸ್ತ್ರಚಿಕಿತ್ಸೆಯ ಫಲಿತಾಂಶ 2008ರಲ್ಲಿ ಹೊರಬಂತು. ಅಷ್ಟು ಹೊತ್ತಿಗೆ ಲೆಕ್ಕಕ್ಕೆ ಸಿಕ್ಕವರು 69 ಮಂದಿ. ಯೋಗದ ಗುಂಪಿನವರು ಆಸ್ಪತ್ರೆಯಿಂದ ಬೇಗ ಮನೆಗೆ ಹೋದರು. ಗಾಯದ ನೀರು ಹೊರಹೋಗಲು ಇಟ್ಟ ಕೊಳವೆಯನ್ನು ಬೇಗ ತೆಗೆಯಬಹುದಾಯಿತು. ಹೊಲಿಗೆಯೂ ಬೇಗ ಬಿಚ್ಚಿತು. ಆ ಕೊಳವೆಯನ್ನು ಸೀರೆಯ ಮರೆಯಲ್ಲಿ ಹೊತ್ತು ಓಡಾಡಿದ ಹೆಂಗಸರಿಗೆ, ಒಂದು ದಿನ ಮೊದಲು ಅದು ಹೋಗುವುದೆಂದರೆ ಏನೆಂದು ಬೇರೆಯವರು ಹೇಳಬೇಕಾಗಿಲ್ಲ.

ಶಸ್ತ್ರಚಿಕಿತ್ಸೆ, ವಿಕಿರಣ, ಕೀಮೋ ಮೂರನ್ನೂ ದಾಟಿದ ಮೇಲೆ ಆತಂಕ ಎಷ್ಟಿದೆ ಎಂಬ ಕೊನೆಯ ಲೆಕ್ಕ 2009ರಲ್ಲಿ ಬಂದಾಗ ಉಳಿದಿದ್ದವರು 38 ಮಂದಿ ಮಾತ್ರ. ಆತಂಕ ಯೋಗದ ಗುಂಪಿನಲ್ಲಿ ಕಡಿಮೆ ಇತ್ತು, ಸರಿ. ಆದರೆ 98 ಎಂದು ಆರಂಭವಾದದ್ದು 38ಕ್ಕೆ ಇಳಿದರೆ ಫಲಿತಾಂಶದ ಬಲವೂ ಅಷ್ಟರಮಟ್ಟಿಗೆ ಇಳಿಯುತ್ತದೆ. ಎಲ್ಲ ರೋಗಿಗಳ ಚಿಕಿತ್ಸೆಯ ಕ್ರಮವೂ ಒಂದೇ ಆಗಿರುವುದಿಲ್ಲ, ಕೊನೆಯವರೆಗೆ ಬರಲು ಎಲ್ಲರಿಗೂ ಆಗುವುದಿಲ್ಲ. ಈ ಸಂಖ್ಯೆಯನ್ನು ಮುಚ್ಚಿಡದೆ ಮುದ್ರಿಸಿದ್ದು ಆ ತಂಡದ ಪ್ರಾಮಾಣಿಕತೆ ಎನ್ನಬೇಕು. ಯೋಗದ ಗುಣಗಾನ ಮಾಡುವ ಕರಪತ್ರಗಳಲ್ಲಿ ಇಂಥ ಸಂಖ್ಯೆ ಕಾಣುವುದಿಲ್ಲ.

ಅದೇ ವರ್ಷ ವಿಕಿರಣ ಚಿಕಿತ್ಸೆಗೆ ಬರುತ್ತಿದ್ದ 88 ಮಹಿಳೆಯರ ಮೇಲೆ ಎಚ್.ಎಸ್. ವಾದಿರಾಜ ಮತ್ತು ಸಂಗಡಿಗರು ನಡೆಸಿದ ಅಧ್ಯಯನವೂ ಹೊರಬಂತು. ಆರು ವಾರಗಳ ಅಭ್ಯಾಸದ ನಂತರ ಬೆಳಗಿನ ಆರು ಗಂಟೆಯ ಜೊಲ್ಲಿನಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನಿನ ಪ್ರಮಾಣ ಯೋಗದ ಗುಂಪಿನಲ್ಲಿ ಕಡಿಮೆಯಾಗಿತ್ತು. ಈ ಹಾರ್ಮೋನಿನ ಕಥೆ ಮುಂದೆ ಮತ್ತೆ ಬರುತ್ತದೆ.

ಹ್ಯೂಸ್ಟನ್‌ನ ಪ್ರಶ್ನೆ

ಪಶ್ಚಿಮದಲ್ಲಿ ಇಷ್ಟು ಹೊತ್ತಿಗೆ ಬೇರೊಂದು ದಾರಿ ತೆರೆದಿತ್ತು. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬಾಟ್ ಜಿನ್ ದೀರ್ಘಕಾಲದ ನೋವಿನ ರೋಗಿಗಳಿಗೆ ಬೌದ್ಧ ಧ್ಯಾನ ಮತ್ತು ಸರಳ ಆಸನಗಳನ್ನು ಬೆರೆಸಿ ತರಗತಿ ಆರಂಭಿಸಿದ್ದರು. 2000ದಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ಇಂಥದೇ ತರಗತಿಯನ್ನು 90 ಕ್ಯಾನ್ಸರ್ ರೋಗಿಗಳ ಮೇಲೆ ಪರೀಕ್ಷಿಸಲಾಯಿತು. ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್‌ನಲ್ಲಿರುವ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದ ಲೊರೆಂಜೊ ಕೊಹೆನ್ 2004ರಲ್ಲಿ 39 ಲಿಂಫೋಮಾ ರೋಗಿಗಳಿಗೆ ಟಿಬೆಟಿನ ಯೋಗ ಕಲಿಸಿ, ಅವರ ನಿದ್ರೆ ಸುಧಾರಿಸಿದ್ದನ್ನು ವರದಿ ಮಾಡಿದರು.

ಇದೇ ಕೊಹೆನ್ ತಂಡ ನಂತರ ಜಿಗಣಿಯ ಸಂಸ್ಥೆಯೊಂದಿಗೆ ಕೈಜೋಡಿಸಿತು. ಜಗತ್ತಿನ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲೊಂದು ಆನೇಕಲ್ ತಾಲ್ಲೂಕಿನಿಂದ ಪಾಠ ಕಲಿಯಲು ಬಂದದ್ದನ್ನು ಹೆಮ್ಮೆಯಿಂದ ಹೇಳಿಕೊಳ್ಳುವವರಿದ್ದಾರೆ. ಹೆಮ್ಮೆ ತಪ್ಪಲ್ಲ. ಆದರೆ ಹ್ಯೂಸ್ಟನ್ನಿನವರು ಪಾಠದ ಜೊತೆಗೆ ಒಂದು ಕಿರಿಕಿರಿಯ ಪ್ರಶ್ನೆಯನ್ನೂ ಮುಂದಿಟ್ಟರು. ಇದು ಯೋಗದ ಗುಣವೋ, ಕೈಕಾಲು ಆಡಿಸಿದ್ದರ ಗುಣವೋ?

ಔಷಧಿಯ ಪರೀಕ್ಷೆಯಲ್ಲಿ ಈ ಸಮಸ್ಯೆ ಇರುವುದಿಲ್ಲ. ಒಬ್ಬರಿಗೆ ನಿಜವಾದ ಗುಳಿಗೆ, ಮತ್ತೊಬ್ಬರಿಗೆ ಅದೇ ಬಣ್ಣದ ಸಕ್ಕರೆ ಗುಳಿಗೆ ಕೊಟ್ಟರಾಯಿತು. ಯಾರಿಗೆ ಯಾವುದು ಸಿಕ್ಕಿತೆಂದು ರೋಗಿಗೂ ತಿಳಿಯದು, ವೈದ್ಯರಿಗೂ ತಿಳಿಯದು. ಸುಳ್ಳು ಶವಾಸನವನ್ನು ಎಲ್ಲಿಂದ ತರುವುದು? ಚಾಪೆ ಹಾಸಿ, ದೀಪ ಮಂದ ಮಾಡಿ, ಮೃದುವಾದ ದನಿಯಲ್ಲಿ ಮಾತನಾಡುವ ಶಿಕ್ಷಕಿಯೊಬ್ಬಳು ವಾರಕ್ಕೆ ಮೂರು ದಿನ ಕಾಳಜಿ ತೋರಿದರೆ, ಆ ಕಾಳಜಿಯಿಂದಲೇ ಅರ್ಧ ಗುಣ ಕಾಣಬಹುದಲ್ಲ.

ಕೊಹೆನ್ ತಂಡ ಇದಕ್ಕೊಂದು ಉಪಾಯ ಹುಡುಕಿತು. ವಿಕಿರಣ ಚಿಕಿತ್ಸೆ ಪಡೆಯುತ್ತಿದ್ದ 163 ಮಹಿಳೆಯರನ್ನು ಮೂರು ಗುಂಪು ಮಾಡಿತು. ಒಂದಕ್ಕೆ ವಾರಕ್ಕೆ ಮೂರು ದಿನದಂತೆ ಆರು ವಾರ ಯೋಗ. ಎರಡನೆಯದಕ್ಕೆ ಅಷ್ಟೇ ದಿನ ಮೈಸಡಿಲಿಸುವ ಸಾಧಾರಣ ವ್ಯಾಯಾಮ. ಉಸಿರಿನ ಪಾಠವಿಲ್ಲ, ಧ್ಯಾನವಿಲ್ಲ. ಮೂರನೆಯ ಗುಂಪು ಸುಮ್ಮನೆ ಸರದಿಯಲ್ಲಿ ಕಾಯಬೇಕು. ನಾಗೇಂದ್ರ ಮತ್ತು ನಾಗರತ್ನ ಅವರ ಹೆಸರುಗಳಿದ್ದ ಈ ಪ್ರಬಂಧ 2014ರಲ್ಲಿ ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘದ ಪ್ರತಿಷ್ಠಿತ ಪತ್ರಿಕೆಯಲ್ಲಿ ಪ್ರಕಟವಾಯಿತು.

ಫಲಿತಾಂಶ ಎರಡೂ ಕಡೆಯವರಿಗೆ ಯೋಚನೆಗೆ ಹಚ್ಚುವಂಥದು. ಆಯಾಸ ಕಡಿಮೆ ಮಾಡುವುದರಲ್ಲಿ ಯೋಗವೂ ವ್ಯಾಯಾಮವೂ ಸರಿಸಮ. ಅಂದರೆ ಆಯಾಸಕ್ಕೆ ಮದ್ದು ಮಂತ್ರವಲ್ಲ, ಮೈ ಚಲನೆ. ಆದರೆ ನಡೆಯುವುದು, ಮೆಟ್ಟಿಲು ಹತ್ತುವುದು, ಸಾಮಾನು ಎತ್ತುವುದು ಮುಂತಾದ ದಿನನಿತ್ಯದ ಕೆಲಸಗಳ ಸಾಮರ್ಥ್ಯದಲ್ಲಿ ಯೋಗದ ಗುಂಪು ಮುಂದಿತ್ತು. ಚಿಕಿತ್ಸೆ ಮುಗಿದ ಆರು ತಿಂಗಳ ನಂತರವೂ ಈ ವ್ಯತ್ಯಾಸ ಉಳಿದಿತ್ತು. ನಿದ್ರೆಯಲ್ಲಿ, ಮಾನಸಿಕ ಆರೋಗ್ಯದ ಅಂಕಗಳಲ್ಲಿ ಗುಂಪುಗಳ ನಡುವೆ ಅಂತರವೇ ಕಾಣಲಿಲ್ಲ. ಯೋಗವೆಂದರೆ ಮನಶ್ಶಾಂತಿ ಎಂದು ನಂಬಿರುವ ನಾಡಿನವರಿಗೆ ಇದು ಅನಿರೀಕ್ಷಿತವೇ ಸರಿ.

ಇನ್ನೊಂದು ಫಲಿತಾಂಶ ಕಾರ್ಟಿಸಾಲ್‌ಗೆ ಸಂಬಂಧಿಸಿದ್ದು. ಆರೋಗ್ಯವಂತರಲ್ಲಿ ಈ ಹಾರ್ಮೋನು ಬೆಳಿಗ್ಗೆ ಏರಿ, ದಿನ ಸರಿದಂತೆ ಇಳಿದು, ರಾತ್ರಿ ತಳ ಮುಟ್ಟುತ್ತದೆ. ದೀರ್ಘಕಾಲ ಒತ್ತಡದಲ್ಲಿರುವವರಲ್ಲಿ ಈ ಇಳಿಜಾರು ಮಟ್ಟಸವಾಗುತ್ತದೆ. ಹರಡಿದ ಸ್ತನ ಕ್ಯಾನ್ಸರ್ ಇದ್ದ 104 ಮಹಿಳೆಯರಲ್ಲಿ, ಇಳಿಜಾರು ಮಟ್ಟಸವಾಗಿದ್ದವರು ಬೇಗ ಸಾವನ್ನಪ್ಪಿದ್ದನ್ನು ಸ್ಟ್ಯಾನ್‌ಫರ್ಡ್ ತಂಡ 2000ದಲ್ಲಿ ತೋರಿಸಿತ್ತು. ಹ್ಯೂಸ್ಟನ್ನಿನ ಪರೀಕ್ಷೆಯಲ್ಲಿ ಯೋಗದ ಗುಂಪಿನ ಇಳಿಜಾರು ಉಳಿದೆರಡು ಗುಂಪುಗಳಿಗಿಂತ ಕಡಿದಾಗಿತ್ತು. ಹಾಗಿದ್ದರೆ ಯೋಗ ಮಾಡಿದವರು ಹೆಚ್ಚು ಕಾಲ ಬದುಕುತ್ತಾರೆಯೇ?

ಆಯುಷ್ಯದ ಲೆಕ್ಕ

ಈ ಪ್ರಶ್ನೆಯನ್ನು ಕೇಳುವಾಗ ಒಂದು ಹಳೆಯ ಕಥೆಯನ್ನು ನೆನೆಯುವುದು ಒಳ್ಳೆಯದು. 1989ರಲ್ಲಿ ಸ್ಟ್ಯಾನ್‌ಫರ್ಡ್‌ನ ಮನೋವೈದ್ಯ ಡೇವಿಡ್ ಸ್ಪೀಗಲ್ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬೆರಗಿನ ವರದಿಯೊಂದನ್ನು ಪ್ರಕಟಿಸಿದ್ದರು. ಹರಡಿದ ಸ್ತನ ಕ್ಯಾನ್ಸರ್ ಇದ್ದ 86 ಮಹಿಳೆಯರಲ್ಲಿ ಕೆಲವರು ವಾರಕ್ಕೊಮ್ಮೆ ಸೇರಿ ಮಾತನಾಡುತ್ತಿದ್ದರು, ಉಳಿದವರು ಇಲ್ಲ. ಮಾತನಾಡಿದವರು ಸರಾಸರಿ 36.6 ತಿಂಗಳು ಬದುಕಿದರು, ಉಳಿದವರು 18.9 ತಿಂಗಳು. ಮನಸ್ಸು ಕ್ಯಾನ್ಸರನ್ನು ಗೆಲ್ಲುತ್ತದೆ ಎಂದು ಜಗತ್ತೇ ಮಾತನಾಡಿತು. ಆದರೆ 2001ರಲ್ಲಿ ಕೆನಡಾದವರು 235 ಮಹಿಳೆಯರ ಮೇಲೆ ಅದೇ ಪ್ರಯೋಗ ಮಾಡಿದಾಗ ಆಯುಷ್ಯ ಹೆಚ್ಚಲಿಲ್ಲ. 2007ರಲ್ಲಿ ಸ್ವತಃ ಸ್ಪೀಗಲ್ 125 ಮಹಿಳೆಯರ ಮೇಲೆ ಮರುಪ್ರಯೋಗ ಮಾಡಿದರು. ಒಟ್ಟಾರೆಯಾಗಿ ಆಯುಷ್ಯದಲ್ಲಿ ವ್ಯತ್ಯಾಸ ಬರಲಿಲ್ಲ ಎಂದು ಅವರೇ ಬರೆದರು. ಕೆನಡಾದ ಮಹಿಳೆಯರಲ್ಲಿ ದುಗುಡ, ನೋವು ಕಡಿಮೆಯಾಗಿದ್ದವು. ಅದು ಮಾತ್ರ ನಿಂತಿತು.

ಮುಂಬಯಿಯ ಟಾಟಾ ಸ್ಮಾರಕ ಕೇಂದ್ರ 850 ಸ್ತನ ಕ್ಯಾನ್ಸರ್ ರೋಗಿಗಳ ಮೇಲೆ ಯೋಗದ ದೊಡ್ಡ ಪರೀಕ್ಷೆ ನಡೆಸಿ, ಫಲಿತಾಂಶವನ್ನು 2022ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಯಾನ್ ಆಂಟೋನಿಯೊ ಸಮ್ಮೇಳನದಲ್ಲಿ ಮಂಡಿಸಿತು. ರೋಗ ಮರುಕಳಿಸದಿರುವುದರಲ್ಲಿ ಶೇಕಡಾ 15ರಷ್ಟು, ಬದುಕುಳಿಯುವುದರಲ್ಲಿ ಶೇಕಡಾ 14ರಷ್ಟು ಸಾಪೇಕ್ಷ ಸುಧಾರಣೆ ಎಂಬ ಸುದ್ದಿ ಪತ್ರಿಕೆಗಳ ಮುಖಪುಟಕ್ಕೆ ಏರಿತು. ಭಾರತದಲ್ಲಿ ಇಷ್ಟು ದೊಡ್ಡ ಪರೀಕ್ಷೆ ನಡೆದದ್ದೇ ಮಹತ್ವದ ಸಂಗತಿ. ಆದರೆ ಸ್ಪೀಗಲ್‌ರ ಕಥೆ ಬಲ್ಲವರು ಒಂದೇ ಪರೀಕ್ಷೆಯನ್ನು ಹಿಡಿದು ಆಯುಷ್ಯದ ಮಾತಾಡುವುದಿಲ್ಲ. ಆ ಸುಧಾರಣೆಯೂ ಶಸ್ತ್ರಚಿಕಿತ್ಸೆ, ಕೀಮೋ, ವಿಕಿರಣಗಳ ಜೊತೆಗೆ ಯೋಗ ಮಾಡಿದವರದು, ಅವುಗಳ ಬದಲಿಗೆ ಮಾಡಿದವರದಲ್ಲ. ಸುದ್ದಿಯ ತಲೆಬರಹಗಳಲ್ಲಿ ಈ ‘ಜೊತೆಗೆ’ ಎಂಬ ಪದ ಬಿದ್ದುಹೋಗುವುದೇ ಹೆಚ್ಚು.

ಬಿದ್ದುಹೋದರೆ ಏನಾಗುತ್ತದೆ ಎಂಬುದಕ್ಕೂ ಲೆಕ್ಕವಿದೆ. ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ತಂಡವೊಂದು, ಹರಡಿರದ ಕ್ಯಾನ್ಸರ್ ಇದ್ದೂ ಆಸ್ಪತ್ರೆಯ ಚಿಕಿತ್ಸೆ ಬೇಡವೆಂದು ಪರ್ಯಾಯ ವಿಧಾನಗಳನ್ನೇ ಆರಿಸಿಕೊಂಡ 281 ರೋಗಿಗಳನ್ನು ಗುರುತಿಸಿ, ಚಿಕಿತ್ಸೆ ಪಡೆದ 560 ಮಂದಿಯೊಂದಿಗೆ ಹೋಲಿಸಿ 2018ರಲ್ಲಿ ಪ್ರಕಟಿಸಿತು. ಪರ್ಯಾಯವನ್ನೇ ನಂಬಿದವರಲ್ಲಿ ಸಾವಿನ ಅಪಾಯ ಎರಡೂವರೆ ಪಟ್ಟು. ಸ್ತನ ಕ್ಯಾನ್ಸರ್‌ನಲ್ಲಿ ಐದು ಪಟ್ಟಿಗೂ ಮಿಕ್ಕು.

ಅಮೆರಿಕದ ಲೆಕ್ಕ ದೂರದ್ದೆನಿಸಿದರೆ ಮತ್ತೆ ತುಮಕೂರು ರಸ್ತೆಗೆ ಬರಬಹುದು. ಸಾಗರ ತಾಲ್ಲೂಕಿನ ನರಸೀಪುರದಲ್ಲಿ ನಾಟಿ ವೈದ್ಯರೊಬ್ಬರು 2020ರಲ್ಲಿ ತೀರಿಕೊಳ್ಳುವವರೆಗೂ ಅವರ ಮನೆಯ ಮುಂದೆ ದೇಶದ ನಾನಾ ಕಡೆಯ ಕ್ಯಾನ್ಸರ್ ರೋಗಿಗಳು, ಬಂಧುಗಳು ಮರದ ತೊಗಟೆಯ ಔಷಧಿಗಾಗಿ ಸರದಿ ನಿಲ್ಲುತ್ತಿದ್ದರು. ಬೆಂಗಳೂರಿನಿಂದ ಅಲ್ಲಿಗೆ ಹೋಗುವ ದಾರಿಯೂ ಇದೇ ಹೆದ್ದಾರಿ. ಶಿವಮೊಗ್ಗದ ಕಡೆಯಿಂದ ಕಿದ್ವಾಯಿಗೆ ಬರುವವರು ಗೊರಗುಂಟೆಪಾಳ್ಯದಲ್ಲಿ ಇಳಿಯುವ ಹೊತ್ತಿಗೆ, ಎದುರು ಬದಿಯಿಂದ ಅದೇ ಕಾಯಿಲೆಯವರು ಮಲೆನಾಡಿನ ಬಸ್ಸು ಹತ್ತುತ್ತಿದ್ದರು. ಎರಡೂ ಕಡೆ ಹೋಗಿಬರುತ್ತಿದ್ದವರೂ ಇದ್ದರು. ಅವರನ್ನು ಅಜ್ಞಾನಿಗಳೆಂದು ಹಳಿಯುವುದು ಸುಲಭ. ಆಸ್ಪತ್ರೆ ದೇಹದ ಲೆಕ್ಕ ಕೇಳುತ್ತದೆ, ಭಯದ ಲೆಕ್ಕ ಕೇಳುವವರು ಯಾರು? ಕೇಳುವವರು ಸಿಗುವ ಕಡೆಗೆ ಜನ ಹೋಗುತ್ತಾರೆ. ಆಸ್ಪತ್ರೆಯ ಒಳಗೆ ಯೋಗಕ್ಕೆ ಒಂದು ಕೋಣೆ ಸಿಕ್ಕರೆ, ಕೆಲವರಾದರೂ ಆಸ್ಪತ್ರೆಯನ್ನು ಬಿಟ್ಟು ಹೋಗದೆ ಉಳಿಯಬಹುದೆಂಬ ಲೆಕ್ಕಾಚಾರ ವೈದ್ಯರಿಗೂ ಹಿಡಿಸಿದ್ದರೆ ಆಶ್ಚರ್ಯವಿಲ್ಲ.

ಕೋಣೆಯ ಒಳಗೆ

ಕ್ಯಾನ್ಸರ್ ರೋಗಿಗಳ ಯೋಗವೆಂದರೆ ಟೀವಿಯಲ್ಲಿ ಕಾಣುವ ಯೋಗವಲ್ಲ. ಶೀರ್ಷಾಸನವಿಲ್ಲ, ಮೈ ತಿರುಚುವುದಿಲ್ಲ. ಕುರ್ಚಿಯಲ್ಲಿ ಕುಳಿತು ಭುಜ ತಿರುಗಿಸುವುದು, ಉಸಿರಿನ ಜೊತೆಗೆ ತೋಳು ಮೇಲೆತ್ತಿ ಇಳಿಸುವುದು, ನಾಡಿಶುದ್ಧಿ, ಭ್ರಾಮರಿ, ಅ-ಉ-ಮ ಎಂದು ದನಿಯನ್ನು ಎಳೆದು ಮೈಯಲ್ಲಿ ಅದರ ಕಂಪನ ಗಮನಿಸುವ ನಾದಾನುಸಂಧಾನ, ಕೊನೆಗೆ ಶವಾಸನ. ಇದರಲ್ಲಿ ಹೆಚ್ಚಿನವನ್ನು ಮಲಗಿಕೊಂಡೇ ಮಾಡಬಹುದು.

ಸರಳವೆಂದ ಮಾತ್ರಕ್ಕೆ ಯಾರು ಬೇಕಾದರೂ ಕಲಿಸಬಹುದು ಎಂದಲ್ಲ. ಕ್ಯಾನ್ಸರ್ ಮೂಳೆಗೆ ಹರಡಿದ್ದರೆ ಮುಂದಕ್ಕೆ ಬಾಗುವ ಒಂದು ಆಸನ ಬೆನ್ನುಮೂಳೆಯನ್ನೇ ಮುರಿಯಬಹುದು. ಕಂಕುಳಿನ ಗ್ರಂಥಿಗಳನ್ನು ತೆಗೆದವರ ತೋಳು ಬಾತುಕೊಳ್ಳುವ ಸಂಭವವಿರುವುದರಿಂದ ಆ ಕೈಯ ಮೇಲೆ ಭಾರ ಹಾಕುವಾಗ ಎಚ್ಚರ ಬೇಕು. ಕೀಮೋ ನಂತರ ರಕ್ತದ ಪ್ಲೇಟ್‌ಲೆಟ್ ಇಳಿದಿರುವಾಗ ಬೀಳುವುದೇ ಅಪಾಯ. ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರು ಕಪಾಲಭಾತಿಯ ತಂಟೆಗೆ ಹೋಗಬಾರದು. ಯೋಗಶಿಕ್ಷಕರು ರೋಗಿಯ ಕಡತ ಓದಬಲ್ಲವರಾಗಿರಬೇಕು, ವೈದ್ಯರೊಂದಿಗೆ ಮಾತನಾಡುವವರಾಗಿರಬೇಕು. ಊರಿನ ಪಾರ್ಕಿನಲ್ಲಿ ಬೆಳಿಗ್ಗೆ ಕಲಿಸುವವರಿಗೆ, ಅವರು ಎಷ್ಟೇ ಸಜ್ಜನರಾಗಿರಲಿ, ಇದು ಸಾಧ್ಯವಾಗದ ಕೆಲಸ.

ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ 2018ರಲ್ಲಿ ಅನುಮೋದಿಸಿದ ಮಾರ್ಗದರ್ಶಿ ಸೂತ್ರಗಳಲ್ಲಿ ಸ್ತನ ಕ್ಯಾನ್ಸರ್ ರೋಗಿಗಳ ಆತಂಕ, ಒತ್ತಡಗಳಿಗೆ ಯೋಗದ ಹೆಸರಿದೆ. 2023ರ ಸೂತ್ರಗಳಲ್ಲೂ ಅದು ಉಳಿಯಿತು. ರೋಗದ ಚಿಕಿತ್ಸೆ ಎಂದು ಎಲ್ಲಿಯೂ ಇಲ್ಲ. ಅಲ್ಲಿಯೇ ಒಹಾಯೊದಲ್ಲಿ ಚಿಕಿತ್ಸೆ ಮುಗಿಸಿದ 200 ಮಹಿಳೆಯರಿಗೆ ಹನ್ನೆರಡು ವಾರ ಯೋಗ ಕಲಿಸಿದ ಜಾನಿಸ್ ಕೀಕೋಲ್ಟ್ ಗ್ಲೇಸರ್ 2014ರಲ್ಲಿ ಕಂಡದ್ದು ಸ್ವಾರಸ್ಯಕರ. ತರಗತಿ ಮುಗಿದ ಕೂಡಲೇ ಆಯಾಸದಲ್ಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಮೂರು ತಿಂಗಳ ನಂತರ ನೋಡಿದಾಗ ಯೋಗ ಕಲಿತವರಲ್ಲಿ ಆಯಾಸ ಶೇಕಡಾ 57ರಷ್ಟು ಕಡಿಮೆಯಿತ್ತು. ಅಭ್ಯಾಸ ಫಲ ಕೊಡಲು ಸಮಯ ಬೇಕು.

ಸಮಯವೇ ಗೊರಗುಂಟೆಪಾಳ್ಯದಲ್ಲಿ ಇಳಿಯುವವರ ಕೈಯಲ್ಲಿ ಇಲ್ಲದಿರುವುದು. ವಿಕಿರಣದ ಜೊತೆಗಿನ ಯೋಗದ ಅಧ್ಯಯನಗಳು ದಿನಬಿಟ್ಟು ದಿನವಾದರೂ ಆಸ್ಪತ್ರೆಗೆ ಬರಬಲ್ಲವರನ್ನು ನಂಬಿ ನಡೆದವು. ವಿಕಿರಣ ಚಿಕಿತ್ಸೆ ವಾರಕ್ಕೆ ಐದು ದಿನ, ಪ್ರತಿದಿನ ಯಂತ್ರದ ಕೆಳಗೆ ಕೆಲವೇ ನಿಮಿಷ. ಮೊದಲು ಐದಾರು ವಾರ ಹಿಡಿಯುತ್ತಿದ್ದುದು ಈಗ ಸ್ತನ ಕ್ಯಾನ್ಸರ್‌ನ ಹಲವರಿಗೆ ಮೂರು ವಾರಗಳಿಗೆ ಇಳಿದಿದೆ. ರೋಗಿಗೆ ಇದು ದೊಡ್ಡ ಉಪಕಾರ. ಆದರೆ ಯೋಗ ಕಲಿಯುವ ಅವಧಿಯೂ ಅರ್ಧಕ್ಕೆ ಇಳಿಯಿತು. ದೂರದ ಊರಿನವರು ಧರ್ಮಶಾಲೆಯಲ್ಲೋ ನೆಂಟರ ಮನೆಯಲ್ಲೋ ಉಳಿಯುತ್ತಾರೆ. ಚಿಕಿತ್ಸೆಯ ಸರದಿ ಮುಗಿದ ಕೂಡಲೇ ಮನೆಯ ದನ, ಮಕ್ಕಳ ಪರೀಕ್ಷೆ, ಕೊಯ್ಲಿನ ಚಿಂತೆ. ಇನ್ನರ್ಧ ಗಂಟೆ ಚಾಪೆಯ ಮೇಲೆ ಮಲಗಿರಿ ಎಂದರೆ ಜೊತೆಗೆ ಬಂದ ಗಂಡ ಗೋಡೆ ಗಡಿಯಾರ ನೋಡುತ್ತಾನೆ.

ಆದ್ದರಿಂದಲೇ 62 ಮಹಿಳೆಯರ ಆ ಹಳೆಯ ಅಧ್ಯಯನದ ಒಂದು ವಿವರ ಇಂದಿಗೂ ಕೆಲಸಕ್ಕೆ ಬರುವಂಥದು. ಅಲ್ಲಿ ರೋಗಿ ಯೋಗಶಾಲೆಗೆ ಹೋಗಲಿಲ್ಲ, ಯೋಗವೇ ಮಂಚದ ಬಳಿಗೆ ಬಂತು. ಬಾಟಲಿ ಏರಿಸಲು ಹೇಗೂ ಕಾಯಬೇಕಾಗಿದ್ದ ಅರ್ಧ ಗಂಟೆಯನ್ನೇ ಬಳಸಿಕೊಳ್ಳಲಾಯಿತು. ಉಳಿದದ್ದು ಧ್ವನಿಸುರುಳಿಯ ಪಾಲು. ಈಗ ಸುರುಳಿ ಹೋಗಿ ಮೊಬೈಲ್ ಫೋನು ಬಂದಿದೆ. ಸಂಜೆ ಊರಿಗೆ ಮರಳುವ ಬಸ್ಸಿಗಾಗಿ ಗೊರಗುಂಟೆಪಾಳ್ಯದಲ್ಲಿ ಕಾಯುವವರ ಕೈಯಲ್ಲೂ ಅದು ಇರುತ್ತದೆ. ಲಾರಿಗಳ ಸದ್ದಿನ ನಡುವೆ, ಲಕೋಟೆಯನ್ನು ಮಡಿಲಲ್ಲಿಟ್ಟುಕೊಂಡು, ಕಣ್ಣು ಮುಚ್ಚಿ ಉಸಿರನ್ನು ಎಣಿಸುವುದಕ್ಕೆ ಚಾಪೆ ಬೇಕಾಗುವುದಿಲ್ಲ. ತುಮಕೂರು ಬಸ್ಸು ಬರುವವರೆಗೆ ಹೇಗೂ ಹೊತ್ತಿದೆ.